ಆಂಟಿವೈರಸ್ ಇದ್ದ ಮೇಲೂ ಅಪ್‌ಡೇಟ್ ಬೇಕಾ?

ಆಂಟಿವೈರಸ್ ಇದೆ, ಮತ್ತೆ ವಿಂಡೋಸ್ ಅಪ್‌ಡೇಟ್ ಯಾಕೆ ಎಂದು ಕೇಳಿದ್ದೀರಿ. ಬೇಕೇ ಬೇಕು. ಈಗಾಗಲೇ ಗುರುತು ಸಿಕ್ಕಿರುವ ಮಾಲ್‌ವೇರನ್ನು, ಅಂದರೆ ಹಾನಿ ಮಾಡುವ ಸಾಫ್ಟ್‌ವೇರನ್ನು, ಆಂಟಿವೈರಸ್ ಚೆನ್ನಾಗಿ ಹಿಡಿಯುತ್ತದೆ. ಹೊಸದು ಎಷ್ಟೋ ಸಲ ಅದರ ಕಣ್ತಪ್ಪಿಸಿ ಒಳಗೆ ಬರುತ್ತದೆ.

2017ರ ಮೇ ತಿಂಗಳಲ್ಲಿ ಹರಡಿದ ವನ್ನಾಕ್ರೈ ನೆನಪಿದೆ ಅಲ್ವಾ? ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ಬಿಟ್‌ಕಾಯಿನ್ ಕೇಳುತ್ತಿದ್ದ ರ‍್ಯಾನ್ಸಮ್‌ವೇರ್ ಅದು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ವಿಂಡೋಸ್‌ನ ಒಂದು ದೋಷವನ್ನು ಹಿಡಿದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ನುಗ್ಗುತ್ತಿತ್ತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಅಪಾಯಿಂಟ್‌ಮೆಂಟ್ ರದ್ದಾದವು. ಬೇಸರ ಆಗುವುದು ಇಲ್ಲಿ: ಆ ದೋಷ ಸರಿಪಡಿಸುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಬಿಟ್ಟಿತ್ತು. ಹಾಕಿಕೊಂಡವರು ಬಚಾವಾದರು.

ಅಪ್‌ಡೇಟ್ ಜೊತೆಗೆ ಇನ್ನೆರಡು ಮಾತು. ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಮುರಿದು ಪುಕ್ಕಟೆ ಹಂಚುವ ಸಾಫ್ಟ್‌ವೇರ್ ಮುಟ್ಟಲೇಬೇಡಿ. ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ, ಅಂದರೆ ಕಂಪ್ಯೂಟರಿನ ಮೇಲೆ ಪೂರ್ತಿ ಅಧಿಕಾರ ಇಲ್ಲದ ಖಾತೆ ಸಾಕು.

ಎಲ್ಲಕ್ಕಿಂತ ಜಾಸ್ತಿ ನಾನು ಒತ್ತಿ ಹೇಳುವುದು ಬ್ಯಾಕಪ್ ಬಗ್ಗೆ. ಫೋಟೋ, ದಾಖಲೆಗಳ ಒಂದು ಪ್ರತಿ ಬೇರೆ ಹಾರ್ಡ್‌ಡಿಸ್ಕ್‌ನಲ್ಲಿರಲಿ. ಕಾಪಿ ಆದ ಕೂಡಲೇ ಅದನ್ನು ಕಂಪ್ಯೂಟರಿನಿಂದ ತೆಗೆದಿಡಿ. ಸುಮ್ನೆ ಸಿಕ್ಕಿಸಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕಿಬಿಡುತ್ತದೆ.