ಹೀಲ್ ಅಂಡ್ ಟೋ ಆಮೇಲೆ, ಮೊದಲು ಬ್ರೇಕ್

ಮಳೆ ಶುರುವಾದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಊರಿನ ಹೆಸರು ಹೊತ್ತು ಬರುತ್ತದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸ್ಪೋರ್ಟಿ ಮ್ಯಾನುಯಲ್ ಹ್ಯಾಚ್‌ಬ್ಯಾಕ್ ತಗೊಂಡಿದ್ದೇನೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಮೂರರಿಂದ ಎರಡಕ್ಕೆ ಹಾಕಿದರೆ ಕಾರು ಮುಗ್ಗರಿಸುತ್ತದೆ. ವಿಡಿಯೊ ನೋಡಿ ಹೀಲ್ ಅಂಡ್ ಟೋ (ಬಲಗಾಲಿನಲ್ಲೇ ಬ್ರೇಕ್ ಒತ್ತುತ್ತಾ ಆಕ್ಸಿಲರೇಟರ್ ಕೂಡ ತಟ್ಟಿ ಗೇರ್ ಇಳಿಸುವುದು) ಅಭ್ಯಾಸ ಮಾಡುತ್ತಿದ್ದೇನೆ. ಆದರೆ ಕಾಲು ಆಕ್ಸಿಲರೇಟರ್‌ಗೆ ಎಟುಕುತ್ತಿಲ್ಲ. ಪೆಡಲ್ ಮೇಲೆ ಅಲ್ಯೂಮಿನಿಯಂ ಪ್ಲೇಟ್ ಕೂರಿಸಿದರೆ ಸರಿಹೋಗುತ್ತಾ? (ಮೂಡಿಗೆರೆ)

ಉತ್ತರ: ಪ್ಲೇಟ್ ಬೇಡವೇ ಬೇಡ. ತೋಟದಿಂದ ಗಮ್‌ಬೂಟ್ ಹಾಕಿಕೊಂಡು ಹಾಗೇ ಕಾರು ಹತ್ತುವ ಊರು ನಮ್ಮದು. ಒದ್ದೆ ಅಡಿಗೆ ಆ ಪ್ಲೇಟ್ ಜಾರುತ್ತದೆ. ಸ್ಕ್ರೂ ಸಡಿಲವಾದರೆ ಮ್ಯಾಟ್‌ಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಮಾರುವ ಅಂಗಡಿಯವರು ನಿಮ್ಮ ಜೊತೆ ಘಾಟಿ ಇಳಿಯುವುದಿಲ್ಲ.

ಕಾಲು ಯಾಕೆ ಎಟುಕುತ್ತಿಲ್ಲ ಗೊತ್ತಾ? ನೀವು ಬ್ರೇಕನ್ನು ಮೆಲ್ಲಗೆ ಒತ್ತುತ್ತಿದ್ದೀರಿ. ವಿಡಿಯೊದಲ್ಲಿರುವವನು ರೇಸ್ ಟ್ರ್ಯಾಕಿನಲ್ಲಿ ಪೂರ್ತಿ ಬಲ ಹಾಕಿ ಒತ್ತುತ್ತಾನೆ. ಆಗ ಬ್ರೇಕ್ ಪೆಡಲ್ ಕೆಳಗಿಳಿದು ಆಕ್ಸಿಲರೇಟರ್ ಮಟ್ಟಕ್ಕೆ ಬರುತ್ತದೆ. ಪಾದದ ಮುಂಭಾಗ ಬ್ರೇಕ್ ಮೇಲೇ ಇದ್ದು, ಬಲ ಅಂಚು ಆಕ್ಸಿಲರೇಟರ್ ತಟ್ಟುತ್ತದೆ. ಚಾರ್ಮಾಡಿಯಲ್ಲಿ ಅಷ್ಟು ಬ್ರೇಕ್ ಒತ್ತಿದರೆ ಹಿಂದಿನ ಬಸ್ಸು ನಿಮ್ಮ ಡಿಕ್ಕಿಯೊಳಗೆ ಬಂದು ನಿಲ್ಲುತ್ತದೆ.

ಈಗ ಮುಗ್ಗರಿಸುವ ವಿಷಯ. ಮೂರನೇ ಗೇರಿನ ಅನುಪಾತ (ಗೇರ್‌ಬಾಕ್ಸಿನಿಂದ ಹೊರಬರುವ ಒಂದು ಸುತ್ತಿಗೆ ಇಂಜಿನ್ ಎಷ್ಟು ಸುತ್ತಬೇಕು ಅನ್ನುವ ಲೆಕ್ಕ) 1.4, ಎರಡನೆಯದು 2.1 ಅಂದುಕೊಳ್ಳಿ. ಮೂರರಲ್ಲಿ ಇಂಜಿನ್ ನಿಮಿಷಕ್ಕೆ 2,500 ಸುತ್ತು, ಅಂದರೆ 2,500 ಆರ್‌ಪಿಎಂ ತಿರುಗುತ್ತಿದ್ದರೆ, ಅದೇ ವೇಗಕ್ಕೆ ಎರಡರಲ್ಲಿ 3,750 ಬೇಕು. ನೀವು ಕ್ಲಚ್ ಒತ್ತಿದ ಕೂಡಲೇ ಇಂಜಿನ್ ಆರ್‌ಪಿಎಂ ಬಿದ್ದುಹೋಗುತ್ತದೆ. ಕ್ಲಚ್ ಬಿಟ್ಟಾಗ ಅದನ್ನು 3,750ಕ್ಕೆ ಎಳೆದು ತರುವ ಕೆಲಸ ಚಕ್ರಗಳ ಮೇಲೆ ಬೀಳುತ್ತದೆ. ಮುಗ್ಗರಿಸುವುದು ಅದಕ್ಕೇ. ನಿಮ್ಮದು ಮುಂದಿನ ಚಕ್ರ ಓಡಿಸುವ ಕಾರು. ಮಳೆಯಲ್ಲಿ, ಸ್ಟೀರಿಂಗ್ ತಿರುಗಿಸಿರುವಾಗ ಆ ಎಳೆತ ಬಿದ್ದರೆ ಮುಂದಿನ ಟೈರು ಹಿಡಿತ ಬಿಡಬಹುದು. ಆಗ ಕಾರು ತಿರುವು ಬಿಟ್ಟು ನೇರ ಹೋಗುತ್ತದೆ. ಚಾರ್ಮಾಡಿಯಲ್ಲಿ ನೇರ ಹೋದರೆ ಏನಿದೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ?

ಆದ್ದರಿಂದ ಎರಡು ಕೆಲಸ ಬೇರೆ ಬೇರೆ ಮಾಡಿ. ತಿರುವಿಗೆ ಮೊದಲೇ, ನೇರದಲ್ಲೇ ಬ್ರೇಕ್ ಒತ್ತಿ ವೇಗ ಇಳಿಸಿ. ಆಮೇಲೆ ಕ್ಲಚ್ ಒತ್ತಿ, ಎರಡಕ್ಕೆ ಹಾಕುತ್ತಾ ಬಲಗಾಲಿನಲ್ಲಿ ಒಂದು ಸಣ್ಣ ರೇಸ್ ಕೊಡಿ. ಆರ್‌ಪಿಎಂ ಮೇಲಿರುವಾಗಲೇ ಕ್ಲಚ್ ಬಿಡಿ. ರೆವ್ ಮ್ಯಾಚಿಂಗ್ ಅಂದರೆ ಇಷ್ಟೇ. ಇಳಿಜಾರಿನಲ್ಲಿ ಬ್ರೇಕ್ ಬಿಟ್ಟ ಆ ಕ್ಷಣಕ್ಕೆ ಕಾರು ಓಡಿಬಿಡುತ್ತದೆ ಅನ್ನುವವರು ತಿರುವಿಗೆ ಬರುವ ಹೊತ್ತಿಗೇ ಜಾಸ್ತಿ ವೇಗದಲ್ಲಿದ್ದಾರೆ ಅಂತ ಅರ್ಥ. ಇಳಿಜಾರು ಶುರುವಾಗುವ ಮೊದಲೇ ಎರಡಕ್ಕೆ ಹಾಕಿಕೊಂಡರೆ ಅರ್ಧ ತಾಪತ್ರಯ ತಪ್ಪುತ್ತದೆ.

ಕಲಿಯುವುದಾದರೆ ಕಡೂರು ಕಡೆಯ ಬಯಲಿನಲ್ಲಿ, ಬೆಳಗಿನ ಖಾಲಿ ರಸ್ತೆಯಲ್ಲಿ ಕಲಿಯಿರಿ. ಟರ್ಬೊ ಡೀಸೆಲ್ ಕಾರಿನಲ್ಲಿ ರೇಸ್ ಕೊಟ್ಟ ಮೇಲೆ ಇಂಜಿನ್ ತಡವಾಗಿ ಏಳುತ್ತದೆ, ಒಂಚೂರು ಕಾಯಿರಿ. ಕೆಲವು ಹೊಸ ಕಾರುಗಳಲ್ಲಿ ಬ್ರೇಕ್, ಆಕ್ಸಿಲರೇಟರ್ ಎರಡೂ ಒಟ್ಟಿಗೆ ಒತ್ತಿದರೆ ಕಂಪ್ಯೂಟರೇ ಆಕ್ಸಿಲರೇಟರ್ ಕಡಿತ ಮಾಡುತ್ತದೆ. ಅಲ್ಲಿ ನಿಮ್ಮ ಹೀಲ್ ಅಂಡ್ ಟೋ ಸುಮ್ನೆ ಕಾಲಿನ ವ್ಯಾಯಾಮ. ಇನ್ನೊಂದು ಮಾತು. ನಾಲ್ಕರಿಂದ ಮೂರು ಅಂದುಕೊಂಡು ಒಂದಕ್ಕೆ ಹಾಕಿ ಕ್ಲಚ್ ಬಿಟ್ಟರೆ, ಇಂಜಿನ್ ಮಿತಿಮೀರಿ ತಿರುಗದಂತೆ ತಡೆಯುವ ರೆವ್ ಲಿಮಿಟರ್ ಕೂಡ ಕಾಪಾಡುವುದಿಲ್ಲ. ಅದು ಇಂಧನ ನಿಲ್ಲಿಸುತ್ತದೆ ಅಷ್ಟೇ, ಇಂಜಿನ್ ತಿರುಗಿಸುತ್ತಿರುವುದು ಚಕ್ರಗಳು. ವಾಲ್ವ್ ಬಾಗಿದ ಇಂಜಿನ್ ಬಿಚ್ಚುವುದು ನನಗೆ ದುಡ್ಡಿನ ಕೆಲಸ, ನಿಮಗಲ್ಲ.

ರೆವ್ ಮ್ಯಾಚ್ ಮಾಡಿದರೆ ಗೇರ್‌ಬಾಕ್ಸಿನ ಸಿಂಕ್ರೊ (ಗೇರ್ ಬೀಳುವ ಮೊದಲು ಒಳಗಿನ ವೇಗ ಹೊಂದಿಸುವ ರಿಂಗ್) ಸವೆಯದೆ ಉಳಿಯುತ್ತದೆ ಅಂತ ಹೇಳುವವರು ಬಹಳ. ಕ್ಲಚ್ ಒತ್ತಿದ್ದಾಗ ರೇಸ್ ಕೊಟ್ಟರೆ ಇಂಜಿನ್ ಮಾತ್ರ ಏಳುತ್ತದೆ. ಸಿಂಕ್ರೊ ತನ್ನ ಕೆಲಸ ತಾನು ಮಾಡಲೇಬೇಕು. ಉಳಿಯುವುದು ಕ್ಲಚ್. ಸಿಂಕ್ರೊಗೂ ಆರಾಮ ಬೇಕಾದರೆ ಡಬಲ್ ಕ್ಲಚ್ ಹೊಡೆಯಬೇಕು: ನ್ಯೂಟ್ರಲ್ ಮಾಡಿ, ಕ್ಲಚ್ ಬಿಟ್ಟು ರೇಸ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕುವುದು. ಸಿಂಕ್ರೊ ಇಲ್ಲದ ಹಳೇ ಲಾರಿಗಳಲ್ಲಿ ನಮ್ಮ ಡ್ರೈವರಣ್ಣಂದಿರು ಬೀಡಿ ಕಚ್ಚಿಕೊಂಡೇ ಇದನ್ನು ಮಾಡುತ್ತಿದ್ದರು. ವಿಡಿಯೊ ಹಾಕುತ್ತಿರಲಿಲ್ಲ ಅಷ್ಟೇ.

ಹೀಲ್ ಅಂಡ್ ಟೋ ಕೆಟ್ಟ ವಿದ್ಯೆಯಲ್ಲ. ಬ್ರೇಕ್ ಒತ್ತುತ್ತಲೇ ಗೇರ್ ಇಳಿಸಬೇಕಾದಲ್ಲಿ ಅದು ಬೇಕು. ನಮ್ಮ ಕಾಫಿ ತೋಟಗಳಲ್ಲಿ ರ್‍ಯಾಲಿ ನಡೆದಾಗ ರಸ್ತೆ ಮುಚ್ಚಿರುತ್ತಾರೆ, ಎದುರಿಗೆ ಯಾರೂ ಬರುವುದಿಲ್ಲ. ಆಸೆ ತಡೆಯಲಾಗದಿದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕಿಗೆ ಹೋಗಿ. ಮುಳ್ಳಯ್ಯನಗಿರಿ ರಸ್ತೆ ಅದಕ್ಕಲ್ಲ.

ಪ್ರಶ್ನೆ: ಶಿರಾಡಿ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಅಂತ ಭಾವ ಹೇಳುತ್ತಾರೆ. (ಹಾಸನ)

ಉತ್ತರ: ಉಳಿಯುವುದಿಲ್ಲ. ಗೇರಿನಲ್ಲಿ ಕಾಲು ತೆಗೆದು ಇಳಿದರೆ ಇಂಜೆಕ್ಷನ್ ಕಾರು ಪೆಟ್ರೋಲನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಕುಡಿಯುತ್ತಲೇ ಇರುತ್ತದೆ. ಇಂಜಿನ್ ಹಿಡಿತ ಇಲ್ಲದೆ ಬ್ರೇಕ್ ಬಿಸಿಯಾಗುವುದು ಬೇರೆ. ಭಾವನವರ ಕಾರಿನಲ್ಲಿ ಘಾಟಿ ಇಳಿಯಬೇಡಿ.

ಪ್ರಶ್ನೆ: ಎರಡನೇ ಗೇರ್ ಕಿರುಗುಟ್ಟುತ್ತದೆ. ಗೇರ್ ಆಯಿಲ್‌ಗೆ ಬೆರೆಸುವ ಬಾಟಲಿ ಕೊಟ್ಟಿದ್ದಾರೆ, ಹಾಕಲೇ? (ತರೀಕೆರೆ)

ಉತ್ತರ: ವಾಪಸ್ ಕೊಡಿ. ಸವೆದ ಸಿಂಕ್ರೊ ರಿಂಗ್ ಯಾವ ಎಣ್ಣೆಗೂ ಬೆಳೆಯುವುದಿಲ್ಲ.

ಪ್ರಶ್ನೆ: ತಾನೇ ರೆವ್ ಮ್ಯಾಚ್ ಮಾಡುವ ಕಾರು ತಗೊಂಡರೆ ಅವಮಾನವಾ? (ಚಿಕ್ಕಮಗಳೂರು)

ಉತ್ತರ: ನಿಸಾನ್ 370ಝಡ್ 2009ರ ಮಾಡೆಲ್‌ನಲ್ಲೇ ಅದನ್ನು ಕೊಟ್ಟಿತ್ತು. ಅದು ಸ್ಪೋರ್ಟ್ಸ್ ಕಾರೇ. ದುಡ್ಡಿದ್ದರೆ ತಗೊಳ್ಳಿ.