ಕೋಳಿಗೆ ಔಷಧ ನಾಟದಿದ್ದಾಗ

ಪ್ರಶ್ನೆ: ಐದು ಸಾವಿರ ಬ್ರಾಯ್ಲರ್ ಸಾಕುತ್ತೇವೆ. ಪ್ರತಿ ಬ್ಯಾಚಿನಲ್ಲೂ ಮೂರನೇ ವಾರಕ್ಕೆ ಗೊರಗೊರ ಶುರುವಾಗಿ ಕೋಳಿ ಸಾಯುತ್ತವೆ. ಕೊಯ್ದು ನೋಡಿದರೆ ಹೃದಯ, ಲಿವರ್ ಮೇಲೆ ಬಿಳಿ ಪೊರೆ. ಎನ್ರೋಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಕೊಟ್ಟರೂ ನಿಲ್ಲುತ್ತಿಲ್ಲ. ಬದಲಿಗೆ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ) ಕೊಡಬಹುದೇ?

ಉತ್ತರ: ಲಕ್ಷಣ ನೋಡಿದರೆ ಇ. ಕೋಲಿ ಬ್ಯಾಕ್ಟೀರಿಯಾದ ಸೋಂಕು. ಕಾಯಿಲೆ ಹತ್ತಿದ ಮೇಲೆ ಪ್ರೋಬಯಾಟಿಕ್ ಕೊಟ್ಟು ಫಲವಿಲ್ಲ. ಅದರ ಕೆಲಸ ಮರಿ ಬಂದ ಮೊದಲ ದಿನದಿಂದ, ಕರುಳಿನಲ್ಲಿ ಕೆಟ್ಟ ಬ್ಯಾಕ್ಟೀರಿಯಾಗೆ ಜಾಗ ಸಿಗದಂತೆ ಮಾಡುವುದು. ಪೆಲೆಟ್ (ಗುಳಿಗೆ) ಮೇವಾದರೆ ಬ್ಯಾಸಿಲಸ್ ಜಾತಿಯ ಪ್ರೋಬಯಾಟಿಕ್ಕೇ ಇರಲಿ. ಲ್ಯಾಕ್ಟೋಬ್ಯಾಸಿಲಸ್ ಪೆಲೆಟ್ ಯಂತ್ರದ ಬಿಸಿಗೆ ಸಾಯುತ್ತದೆ.

ಈಗ ಮಾಡಬೇಕಾದ್ದು: ಔಷಧ ಕುಡಿಯದ, ಆಗಷ್ಟೇ ಸತ್ತ ಮೂರ್ನಾಲ್ಕು ಕೋಳಿಗಳನ್ನು ಐಸ್ ಮೇಲಿಟ್ಟು (ಫ್ರೀಜರ್ ಬೇಡ) ಹತ್ತಿರದ ಪಶುರೋಗ ಪ್ರಯೋಗಾಲಯಕ್ಕೆ ಒಯ್ದು, ಯಾವ ಔಷಧ ನಾಟುತ್ತದೆಂದು ಪರೀಕ್ಷೆ ಮಾಡಿಸಿ. ಉಳಿದ ಹಿಂಡಿಗೆ ಏನು ಕೊಡಬೇಕೆಂದು ವರದಿ ನೋಡಿ ಪಶುವೈದ್ಯರು ಹೇಳಲಿ. ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ತರುತ್ತೇನೆನ್ನುವವರನ್ನು ವಾಪಸ್ ಕಳಿಸಿ. ಮನುಷ್ಯರಿಗೆ ಅದೇ ಕೊನೆಯ ಆಸರೆ. ಕೋಳಿಗೆಂದು ಅದನ್ನು ತಯಾರಿಸಿ ಮಾರುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲೇ ನಿಷೇಧಿಸಿದೆ.

ಆದರೆ ಪ್ರತಿ ಬ್ಯಾಚಿನಲ್ಲೂ ಮೂರನೇ ವಾರಕ್ಕೇ ಬರುತ್ತಿದೆ ಎಂದರೆ ನಮ್ಮ ಅನುಮಾನ ಗಾಳಿ, ನೀರಿನ ಮೇಲೆ. ಹಿಕ್ಕೆಯಿಂದೇಳುವ ಅಮೋನಿಯಾ 25 ಪಿಪಿಎಂ (ಹತ್ತು ಲಕ್ಷಕ್ಕೆ 25 ಭಾಗ) ದಾಟಿದರೆ ಶ್ವಾಸನಾಳದ ಸೂಕ್ಷ್ಮ ರೋಮಗಳು ಕೆಲಸ ನಿಲ್ಲಿಸುತ್ತವೆ, ಧೂಳಿನ ಜೊತೆ ಇ. ಕೋಲಿ ನೇರ ಒಳಗಿಳಿಯುತ್ತದೆ. ಕೋಳಿಯ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ನೋಡಿ. ಕಣ್ಣು ಉರಿದರೆ ಆಗಲೇ ತಡವಾಗಿದೆ. ಚಳಿಯೆಂದು ರಾತ್ರಿ ಪರದೆ ಪೂರ್ತಿ ಮುಚ್ಚಬೇಡಿ, ಮೇಲೆ ಒಂದಡಿ ಬಿಡಿ. ಕೋಳಿ ನೀರು ಕುಡಿಯುವ ನಿಪ್ಪಲ್ ಕೆಳಗಿನ ಒದ್ದೆ ಹೊಟ್ಟನ್ನು ದಿನವೂ ತೆಗೆಯಿರಿ. ಒದ್ದೆ ಹೊಟ್ಟಿಗೆ ಸುಣ್ಣ ಹಾಕಿದರೆ ಅಮೋನಿಯಾ ಇನ್ನೂ ಏಳುತ್ತದೆ.

ನೀರಿಗೆ, ಶೇ. 30 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿಯಾದರೆ, ಸಾವಿರ ಲೀಟರಿಗೆ 10 ಗ್ರಾಂ ಎಂದರೆ 3 ಪಿಪಿಎಂ. ಬಕೆಟ್‌ನಲ್ಲಿ ಕಲಸಿ, ಗಸಿ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಿರಿ, ಇಲ್ಲವಾದರೆ ನಿಪ್ಪಲ್ ಕಟ್ಟಿಕೊಳ್ಳುತ್ತದೆ. ಕ್ಲೋರಿನ್ ಅಳೆಯಬೇಕಾದ್ದು ಟ್ಯಾಂಕಿನಲ್ಲಲ್ಲ, ಕೊನೆಯ ನಿಪ್ಪಲ್‌ನಲ್ಲಿ. ಪೈಪಿನೊಳಗಿನ ಲೋಳೆ ಕ್ಲೋರಿನ್ ನುಂಗಿಬಿಡುತ್ತದೆ, ಹಾಗಾಗಿ ಬ್ಯಾಚ್ ಮುಗಿದಾಗಲೆಲ್ಲ ಪೈಪು ತೊಳೆಯಲೇಬೇಕು. ನೀರಿನ ಪಿಎಚ್ 8 ದಾಟಿದ್ದರೆ ಕ್ಲೋರಿನ್ ಹೆಚ್ಚು ಕೆಲಸ ಮಾಡದು. ಪಿಎಚ್ ಇಳಿಸಲು ಆಸಿಡ್ ಹಾಕುವವರು ಅದನ್ನು ಬ್ಲೀಚಿಂಗ್ ಪುಡಿಯ ಬಕೆಟ್‌ಗೆ ಎಂದೂ ಸುರಿಯಬಾರದು, ವಿಷಾನಿಲ ಏಳುತ್ತದೆ.

ಪ್ರಶ್ನೆ: ಬ್ಯಾಕ್ಟೀರಿಯಾ ತಿನ್ನುವ ವೈರಸ್, ಅಂದರೆ ಫೇಜ್, ಕೋಳಿಗೆ ಕೊಡಬಹುದೇ?

ಉತ್ತರ: ಇದು ಹೊಸತೇನಲ್ಲ. ಸೂಕ್ಷ್ಮಜೀವಿ ವಿಜ್ಞಾನಿ ಫೆಲಿಕ್ಸ್ ಡಿ'ಹೆರೆಲ್ 1919ರಲ್ಲೇ ಫ್ರಾನ್ಸ್‌ನಲ್ಲಿ ಕೋಳಿ ಟೈಫಾಯಿಡ್ ಮೇಲೆ ಪ್ರಯೋಗಿಸಿದ್ದರು. ತೊಡಕೇನೆಂದರೆ ಒಂದು ಫೇಜ್ ಕೆಲವೇ ತಳಿಗಳನ್ನು ಕೊಲ್ಲುತ್ತದೆ, ಇ. ಕೋಲಿಯಲ್ಲೋ ತಳಿಗಳು ಹಲವು. ಅಮೆರಿಕದ ಅರ್ಕಾನ್ಸಾಸ್‌ನ ಪ್ರಯೋಗಗಳಲ್ಲಿ ಚುಚ್ಚಿದ ಫೇಜ್ ಕೋಳಿಗಳನ್ನು ಉಳಿಸಿತು, ಕುಡಿಯುವ ನೀರಿನಲ್ಲಿ ಕೊಟ್ಟದ್ದು ಉಳಿಸಲಿಲ್ಲ. ಐದು ಸಾವಿರ ಕೋಳಿಗೆ ಒಂದೊಂದಾಗಿ ಚುಚ್ಚುವವರು ಯಾರು?

ಪ್ರಶ್ನೆ: ನೀರಿನಲ್ಲಿ ಲಸಿಕೆ ಕೊಡುವ ದಿನ ಕ್ಲೋರಿನ್?

ಉತ್ತರ: ಬೇಡ, ಲಸಿಕೆ ಸಾಯುತ್ತದೆ. 48 ಗಂಟೆ ಮೊದಲೇ ನಿಲ್ಲಿಸಿ, ಲಸಿಕೆ ನೀರಿಗೆ ಲೀಟರಿಗೆ 2.5 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿ. ಕ್ಲೋರಿನ್ ಮತ್ತೆ ಶುರುಮಾಡುವುದು ಲಸಿಕೆ ಕೊಟ್ಟ ಮರುದಿನ ಕಳೆದ ನಂತರ.