ಚಾಕುವಿನ ದುಡ್ಡಿಗೆ ಟರ್ಪಾಲು ತಗೊಳ್ಳಿ

ವಿಡಿಯೊ ನೋಡಿ ಹಿತ್ತಿಲಲ್ಲಿ ಬೆಂಕಿ ಹೊತ್ತಿಸಲು ಕಲಿತಿದ್ದೀರಿ. ಈಗ ಸಕಲೇಶಪುರದ ಕಡೆ ಕಾಡಿನಲ್ಲಿ ಬದುಕುಳಿಯುವುದನ್ನು ಕಲಿಸುವ ಎರಡು ದಿನದ ತರಬೇತಿಗೆ ಹೋಗಲೋ, ಅದೇ ದುಡ್ಡಿಗೆ ಒಂದು ಒಳ್ಳೆಯ ಚಾಕು ಕೊಳ್ಳಲೋ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ಹಾಸನದಲ್ಲಿ ಕೂತು ನಾನೂ ಇದೇ ಲೆಕ್ಕ ಹಾಕುತ್ತಿದ್ದೆ. ಕೊನೆಗೆ ಎರಡನ್ನೂ ಮಾಡಿದೆ. ಎಡಗೈ ಹೆಬ್ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಮೂಡಿಗೆರೆ ತಾಲ್ಲೂಕು, ಭೈರಾಪುರದ ಕಡೆ ಒಂದು ಖಾಸಗಿ ಕಾಫಿ ತೋಟದ ಮೇಲಂಚು. ಅಕ್ಟೋಬರ್ ತಿಂಗಳು. ತರಬೇತಿಯ ಮೂರನೇ ದಿನ ಸಂಜೆ ನಮ್ಮನ್ನೆಲ್ಲ ನೂರು ಮೀಟರಿಗೆ ಒಬ್ಬರಂತೆ ಬಿಟ್ಟು, ಬೆಳಗಿನವರೆಗೆ ಇಲ್ಲೇ ಇರಿ ಎಂದರು. ಕೈಯಲ್ಲಿ ಒಂದು ಸೀಟಿ, ಒಂದು ಟರ್ಪಾಲು, ಹಗ್ಗ, ನೀರು. ನಾಲ್ಕೂವರೆಗೆ ಗುಡುಗಿ ಒಂದು ಜೋರು ಮಳೆ ಹೊಡೆಯಿತು, ಇಪ್ಪತ್ತು ನಿಮಿಷಕ್ಕೆ ನಿಂತು ಜಿಟಿಜಿಟಿ ಹಿಡಿಯಿತು. ನಾನು ಪೂರ್ತಿ ನೆಂದಿದ್ದೆ. ಟರ್ಪಾಲು ಮಡಚಿದ್ದು ಮಡಚಿದ ಹಾಗೇ ಚೀಲದಲ್ಲಿತ್ತು. ನಾನು ಮೊಣಕಾಲೂರಿ ಬೆಂಕಿ ಮಾಡಲು ಕೂತೆ.

ನನ್ನ ತಪ್ಪು ಇಷ್ಟೇ. ಆದರೆ ಇದನ್ನು ಬಿಡಿಸಿ ಹೇಳದೆ ಮುಂದೆ ಹೋಗುವುದಿಲ್ಲ, ಯಾಕೆಂದರೆ ನೀವೂ ಇದನ್ನೇ ಮಾಡುತ್ತೀರಿ. ಹಿತ್ತಿಲಲ್ಲಿ ಬೆಂಕಿ ಹೊತ್ತಿಸಿ ಗೆದ್ದವರಿಗೆಲ್ಲ ಕಷ್ಟ ಬಂದ ಕೂಡಲೇ ಕೈ ಮೊದಲು ಹೋಗುವುದು ಬೆಂಕಿಯ ಕಡೆಗೇ. ಚಳಿಯಾಗುತ್ತಿದೆ, ಆದ್ದರಿಂದ ಬಿಸಿ ಬೇಕು ಅನ್ನಿಸುತ್ತದೆ. ಬೇಕಾದದ್ದು ಬಿಸಿಯಲ್ಲ. ಮೈಯಲ್ಲಿ ಇರುವ ಬಿಸಿ ಸೋರಿಹೋಗುವುದನ್ನು ಮೊದಲು ನಿಲ್ಲಿಸಬೇಕು. ಅದು ನಾಲ್ಕು ದಾರಿಯಲ್ಲಿ ಸೋರುತ್ತಿತ್ತು. ಮೈಮೇಲೆ ಒದ್ದೆ ಹತ್ತಿ ಅಂಗಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಎಳೆದುಕೊಳ್ಳುತ್ತದೆ, ಹತ್ತಿ ಆ ನೀರನ್ನು ಚರ್ಮಕ್ಕೆ ಅಂಟಿಸಿ ಹಿಡಿಯುತ್ತದೆ. ಎದುರಿಗೆ ಬೋಳು ಗುಡ್ಡದ ಗಾಳಿ. ಮೊಣಕಾಲ ಕೆಳಗೆ ಹಸಿ ನೆಲ. ಮೇಲಿಂದ ನಿಲ್ಲದ ಹನಿ, ಹಾಗಾಗಿ ನೆಂದದ್ದು ಒಣಗುವ ಮಾತೇ ಇಲ್ಲ. ಅವತ್ತು ರಾತ್ರಿ ಅಲ್ಲಿದ್ದ ಥರ್ಮಾಮೀಟರ್ ತೋರಿಸಿದ್ದು 16 ಡಿಗ್ರಿ. ಹದಿನಾರು ಡಿಗ್ರಿಗೆ ಯಾರಿಗೇನಾಗುತ್ತದೆ ಅಂತ ನಗಬೇಡಿ. ಒದ್ದೆ ಬಟ್ಟೆ, ಗಾಳಿ ಎರಡೂ ಸೇರಿದರೆ ಹೈಪೋಥರ್ಮಿಯಾಕ್ಕೆ, ಅಂದರೆ ಮೈ ಅಪಾಯದ ಮಟ್ಟಕ್ಕೆ ತಣ್ಣಗಾಗುವುದಕ್ಕೆ, ಹಿಮ ಬೇಕಿಲ್ಲ. ಮೈಯೊಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಸಾಕು.

ಮೈ ತಣ್ಣಗಾಗುವಾಗ ದೇಹ ಮೊದಲು ಕೈಬಿಡುವುದು ಬೆರಳನ್ನು. ಎದೆ ಹೊಟ್ಟೆ ಬೆಚ್ಚಗಿರಲಿ ಎಂದು ಕೈಕಾಲಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಹತ್ತಿಯ ಉಂಡೆ ಬಿಡಿಸುವುದು, ಕಡ್ಡಿ ಸೀಳುವುದು, ಕಿಡಿ ಹಾರಿಸುವ ಲೋಹದ ಕಡ್ಡಿ, ಅಂದರೆ ಫೆರೋ ರಾಡ್ ಗೀಚುವುದು, ಬೆಂಕಿಯ ಕೆಲಸವೆಲ್ಲ ಬೆರಳಿನದೇ. ಅಂದರೆ ಒಂದೊಂದು ಸೋಲಿಗೂ ಮುಂದಿನ ಪ್ರಯತ್ನಕ್ಕೆ ಬೇಕಾದ ಬೆರಳನ್ನೇ ಕಳೆದುಕೊಳ್ಳುತ್ತಿದ್ದೆ. ಇದರ ಮೇಲೆ ಬೆಳಕು ಬೇರೆ. ಆ ತಿಂಗಳು ಆರು ಗಂಟೆ ದಾಟಿದರೆ ಸೂರ್ಯ ಮುಳುಗಿದ ಹಾಗೇ. ಒಂದು ಗಂಟೆ ಬೆಳಕನ್ನು ಹೊತ್ತದ ಬೆಂಕಿಗೆ ಸುರಿದೆ. ಆರೂಕಾಲಿಗೆ, ನಡುಗುವ ಕೈಯಲ್ಲಿ, ಒದ್ದೆ ಕಟ್ಟಿಗೆಯನ್ನು ಎಡಗೈಯಲ್ಲಿ ಹಿಡಿದು ಸೀಳಲು ಹೋದಾಗ ಆ ದುಬಾರಿ ಚಾಕು ಜಾರಿತು. ಸೀಟಿ ಊದಿದೆ. ಐದು ಹೊಲಿಗೆ. ಗಾಯ ಹೆಬ್ಬೆರಳಿನ ಬುಡದ ನರದವರೆಗೆ ಇಳಿದಿತ್ತು.

ಮಾಡಬೇಕಿದ್ದದ್ದೇನು? ಮೊದಲ ಗುಡುಗಿಗೇ ಟರ್ಪಾಲು ಬಿಚ್ಚಬೇಕಿತ್ತು. ಎಂಟು ನಿಮಿಷದ ಕೆಲಸ. ಅದರಡಿ ಹೋಗಿ ಒದ್ದೆ ಅಂಗಿ ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟ ಒಣ ಬಟ್ಟೆ ಹಾಕಿಕೊಂಡು, ಕುಂಡೆಯಡಿಗೆ ಒಂದು ಫೋಮ್ ಚಾಪೆಯೋ ಗೋಣಿಚೀಲವೋ ಹಾಕಿ ಕೂರಬೇಕಿತ್ತು. ಬೆಂಕಿಯ ವಿಚಾರ ಆಮೇಲೆ. ಎಷ್ಟೋ ರಾತ್ರಿಗಳಲ್ಲಿ ಅದು ಬೇಕಾಗುವುದೇ ಇಲ್ಲ. ನಮ್ಮ ಮಲೆನಾಡಿನವರು ಸಸಿ ಮಡಿಗೆ ಕಂಬಳಿಕೊಪ್ಪೆ ಹಾಕಿಕೊಂಡು ಇಳಿಯುತ್ತಿದ್ದರಲ್ಲ, ಅದು ಇದೇ ಪಾಠ. ಉಣ್ಣೆ ನೆಂದರೂ ಸ್ವಲ್ಪ ಬೆಚ್ಚಗಿಡುತ್ತದೆ, ಹತ್ತಿ ಇಡುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ತರಬೇತಿಯೋ ಚಾಕುವೋ ಅನ್ನುವುದು ಆಮೇಲೆ. ಮೊದಲು 10 ಅಡಿಗೆ 12 ಅಡಿಯ ಒಂದು ಟರ್ಪಾಲು ತಗೊಳ್ಳಿ. 120 ಜಿಎಸ್‌ಎಂನದು (ಚದರ ಮೀಟರಿಗೆ 120 ಗ್ರಾಂ ತೂಗುವಂಥದ್ದು) ಸಾಕು, ಸುಮಾರು 1.3 ಕೆಜಿ ತೂಗುತ್ತದೆ. ಜೊತೆಗೆ 4 ಮಿ.ಮೀ. ನೈಲಾನ್ ಹಗ್ಗ, ನಡುವಿನ ಸಾಲಿಗೆ 10 ಮೀಟರ್, ಅಂಚುಗಳಿಗೆ ಎರಡೆರಡು ಮೀಟರಿನ ಆರು ತುಂಡು. ಎರಡು ಮರದ ನಡುವೆ ಹಗ್ಗವನ್ನು ಸೊಂಟದೆತ್ತರಕ್ಕೆ ಬಿಗಿದು ಟರ್ಪಾಲನ್ನು ಅದರ ಮೇಲೆ ಹೊದಿಸಿ, ಎದೆಗಿಂತ ಮೇಲೆ ಬೇಡ. ಎತ್ತರ ಕಟ್ಟಿದಷ್ಟೂ ಎರಚಲು ಒಳಗೆ ಬರುತ್ತದೆ. ಗಾಳಿ ಬೀಸುವ ಕಡೆಯ ಅಂಚನ್ನು ನೆಲಕ್ಕೇ ತಾಗಿಸಿ ಗೂಟ ಹೊಡೆಯಿರಿ. ಮಳೆನೀರು ಹಗ್ಗದ ಮೇಲೆ ಹರಿದುಕೊಂಡು ಟರ್ಪಾಲಿನೊಳಗೆ ಬರುತ್ತದೆ. ಇದನ್ನು ವಿಡಿಯೊದಲ್ಲಿ ಯಾರೂ ತೋರಿಸುವುದಿಲ್ಲ, ಯಾಕೆಂದರೆ ಅವರು ಬಿಸಿಲಲ್ಲಿ ಕಟ್ಟುತ್ತಾರೆ. ಟರ್ಪಾಲು ಶುರುವಾಗುವ ಒಂದು ಗೇಣು ಮೊದಲು ಹಗ್ಗಕ್ಕೊಂದು ಬಟ್ಟೆಚೂರು ಕಟ್ಟಿ ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಟರ್ಪಾಲಿನಂಚಿನ ಹಗ್ಗ ಕಟ್ಟುವ ತೂತುಗಳು ಕಿತ್ತುಬಂದರೆ, ಮೂಲೆಯಲ್ಲಿ ನಿಂಬೆಗಾತ್ರದ ಕಲ್ಲಿಟ್ಟು ಮಡಚಿ ಅದರ ಕುತ್ತಿಗೆಗೆ ಹಗ್ಗ ಬಿಗಿದರೆ ಆಯಿತು. ಜಾಗ ಆರಿಸುವಾಗ ತಲೆಯೆತ್ತಿ ನೋಡಿ. ತೋಟದ ಸಿಲ್ವರ್ ಓಕ್ ಕೊಂಬೆ ಗಾಳಿಗೆ ಸುಲಭವಾಗಿ ಮುರಿಯುತ್ತದೆ. ಹಳ್ಳದ ಪಾತ್ರದಲ್ಲಿ, ಆನೆ ಓಡಾಡುವ ದಾರಿಯಲ್ಲಿ ಕಟ್ಟುವ ಹಾಗೇ ಇಲ್ಲ. ಲದ್ದಿ, ಮುರಿದ ಬೈನೆ ಮರ, ಕೆಸರು ಬಳಿದ ಮರದ ಕಾಂಡ ಕಂಡರೆ ಬೇರೆ ಕಡೆ ಹೋಗಿ.

ಅಭ್ಯಾಸಕ್ಕೆ ಕಾಡೂ ಬೇಡ. ಮಳೆ ಬರುವಾಗ ಅಂಗಳಕ್ಕಿಳಿಯಿರಿ. ಎರಡು ನಿಮಿಷ ಐಸ್ ನೀರಿನ ಬಕೆಟ್ಟಿನಲ್ಲಿ ಕೈಯಿಟ್ಟು ತೆಗೆದು, ಗಡಿಯಾರ ಹಚ್ಚಿ, ಟರ್ಪಾಲು ಕಟ್ಟಿ ನೋಡಿ. ಮೊದಲ ಸಲ ಇಪ್ಪತ್ತೈದು ನಿಮಿಷವಾದರೆ ಬೇಜಾರಾಗಬೇಡಿ.

ಬೆಂಕಿ ಕಲಿಯಲೇಬೇಡಿ ಅಂತಲ್ಲ. ಆದರೆ ಹಿತ್ತಿಲಲ್ಲಿ ಒಣ ತೆಂಗಿನ ನಾರಿಗೆ ಕಿಡಿ ತಾಗಿಸಿದ್ದು ಮಲೆನಾಡಿನ ಮಳೆಗೆ ಲೆಕ್ಕಕ್ಕಿಲ್ಲ. ಇಲ್ಲಿನ ತೇವಕ್ಕೆ ನಾರು ಒಂದು ರಾತ್ರಿಯಲ್ಲಿ ಮೆತ್ತಗಾಗುತ್ತದೆ, ಬೆಂಕಿಪೊಟ್ಟಣವೂ ಅಷ್ಟೆ. ವ್ಯಾಸಲೀನ್ ಮೆತ್ತಿದ ಹತ್ತಿ ಉಂಡೆ ಹತ್ತನ್ನು ಮಾತ್ರೆ ಡಬ್ಬಿಯಲ್ಲಿ ತುಂಬಿಟ್ಟುಕೊಳ್ಳಿ, ಒಂದೊಂದು ಮೂರ್ನಾಲ್ಕು ನಿಮಿಷ ಉರಿಯುತ್ತದೆ. ಹಳೇ ಸೈಕಲ್ ಟ್ಯೂಬಿನ ನಾಲ್ಕಿಂಚಿನ ಪಟ್ಟಿ ಮಳೆಯಲ್ಲೂ ಹೊತ್ತುತ್ತದೆ, ನಾತ ಮಾತ್ರ ಕೇಳಬೇಡಿ. ಕಟ್ಟಿಗೆಯನ್ನು ನೆಲದಿಂದ ಹೆಕ್ಕಬಾರದು. ನಿಂತಲ್ಲೇ ಒಣಗಿದ ಬಿದಿರನ್ನು ಸೀಳಿದರೆ ಒಳಭಾಗ ಒಣಗಿಯೇ ಇರುತ್ತದೆ. ಬೆಂಕಿಕಡ್ಡಿ ಗಾತ್ರದ್ದು, ಪೆನ್ಸಿಲ್ ಗಾತ್ರದ್ದು, ಹೆಬ್ಬೆರಳ ಗಾತ್ರದ್ದು, ಮೂರನ್ನೂ ಎರಡೆರಡು ಹಿಡಿ ಮೊದಲೇ ಟರ್ಪಾಲಿನಡಿ ಜೋಡಿಸಿಟ್ಟುಕೊಂಡಿರಬೇಕು. ಬೆಂಕಿ ಬಂದಮೇಲೆ ಕಟ್ಟಿಗೆ ಹುಡುಕಲು ಓಡುವುದೇ ಎಲ್ಲರೂ ಮಾಡುವ ಎಡವಟ್ಟು. ಹಸಿ ಮಣ್ಣಿನ ಮೇಲೆ ನೇರವಾಗಿ ಬೇಡ, ಹೆಬ್ಬೆರಳ ದಪ್ಪದ ಕಡ್ಡಿಗಳನ್ನು ಒತ್ತೊತ್ತಾಗಿ ಹಾಸಿ ಅದರ ಮೇಲೆ ಮಾಡಿ. ರಾಡ್ ಗೀಚುವಾಗ ಗೀಚುವ ತಗಡನ್ನು ಮುಂದೆ ತಳ್ಳದೆ ರಾಡನ್ನೇ ಹಿಂದಕ್ಕೆ ಎಳೆಯಿರಿ, ಇಲ್ಲದಿದ್ದರೆ ಕೈ ಹೋಗಿ ಹತ್ತಿ ಉಂಡೆಗೇ ಗುದ್ದುತ್ತದೆ. ಇಷ್ಟೆಲ್ಲ ಕಲಿತರೂ ಮೀಸಲು ಅರಣ್ಯದಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ, ಭದ್ರಾ ಅಭಯಾರಣ್ಯದಲ್ಲಿ ಬೆಂಕಿ ಹಾಕುವುದು ಅಪರಾಧ. ತೋಟದ ಮಾಲೀಕರು ಒಪ್ಪಿದ ಖಾಸಗಿ ಜಾಗದಲ್ಲಷ್ಟೇ ಕಲಿಯಿರಿ, ಅದೂ ಹುಲ್ಲುಗುಡ್ಡ ಒಣಗುವ ಜನವರಿಯಿಂದ ಏಪ್ರಿಲ್‌ವರೆಗೆ ಬೇಡವೇ ಬೇಡ.

ಹೊರದೇಶದ ವಿಡಿಯೊಗಳ ಇನ್ನೂ ಎರಡು ಬುದ್ಧಿಮಾತು ಇಲ್ಲಿ ಅಪಾಯಕಾರಿ. ಒಣ ತರಗೆಲೆ ರಾಶಿ ಹಾಕಿ ಅದರೊಳಗೆ ಮಲಗಿ ಅನ್ನುತ್ತಾರೆ. ನಮ್ಮಲ್ಲಿ ಚಳಿಗಾಲದಿಂದ ಮೇವರೆಗೆ ಆ ತರಗೆಲೆಯಲ್ಲೇ ಮಂಗನ ಕಾಯಿಲೆ ಹರಡುವ ಉಣುಗು ಇರುವುದು. ಆ ರೋಗ 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದದ್ದು, ಚಿಕ್ಕಮಗಳೂರಿಗೂ ಹೊಸದಲ್ಲ. ಎಲೆಯ ಹಾಸಿಗೆ ಬದಲು ಫೋಮ್ ಚಾಪೆ ಹೊತ್ತುಕೊಂಡು ಹೋಗಿ, ಕಾಡಿನಿಂದ ಬಂದವರು ಬಿಸಿನೀರು ಸೋಪಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಇನ್ನೊಂದು, ದಾರಿ ತಪ್ಪಿದರೆ ಹಳ್ಳ ಹಿಡಿದು ಕೆಳಗಿಳಿಯಿರಿ ಅನ್ನುವುದು. ಬಿಸಿಲೆ ದಾರಿಯ ಮಂಕನಹಳ್ಳಿ ಬಳಿ ಮಳೆನೀರು ಇಬ್ಭಾಗವಾಗುವ ಜಾಗ ನೋಡಿದ್ದೀರಾ? ಪೂರ್ವಕ್ಕೆ ಬಿದ್ದದ್ದು ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಪೂರ್ವದ ಹಳ್ಳ ಹಿಡಿದರೆ ಯಾವುದೋ ತೋಟ, ಗದ್ದೆ ಸಿಗಬಹುದು. ಪಶ್ಚಿಮದ್ದು ಹಿಡಿದರೆ ಪ್ರಪಾತ. ಬಲ್ಲಾಳರಾಯನ ದುರ್ಗದ ಹಿಂದಿನ ಬಂಡಾಜೆ ಅರ್ಬಿ ಜಲಪಾತದ ಅಂಚಿಗೆ ಮಂಜಿನಲ್ಲಿ ನಡೆದುಹೋಗುವುದನ್ನು ಊಹಿಸಿಕೊಳ್ಳಿ. ಮಂಜು ಕವಿದರೆ ಇದ್ದಲ್ಲೇ ನಿಂತು ಟರ್ಪಾಲು ಕಟ್ಟಿ, ಮೂರು ಮೂರು ಸಲ ಸೀಟಿ ಊದುತ್ತಿರಿ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ 112 ಒತ್ತಿ ನೋಡಿ, ಬೇರೆ ಕಂಪನಿಯ ಟವರ್ ಸಿಕ್ಕರೂ ಕರೆ ಹೋಗುತ್ತದೆ.

ನೀರನ್ನು ಕುದಿ ಬಂದಮೇಲೆ ಒಂದು ನಿಮಿಷ ಕುದಿಸಿದರೆ ಸಾಕು, ನಮ್ಮ ಯಾವ ಗುಡ್ಡವೂ 2000 ಮೀಟರ್ ಮುಟ್ಟುವುದಿಲ್ಲ. ಆದರೆ ಡಿಸೆಂಬರಿನಿಂದ ಫೆಬ್ರವರಿವರೆಗೆ ತೋಟದ ಕೆಳಗಿನ ಹಳ್ಳದ ನೀರು ಬೇಡ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರು, ಔಷಧಿ ಹೊಡೆದ ನೀರು ಸೇರಿರಬಹುದು, ಅದು ಕುದಿಸಿದರೆ ಹೋಗುವಂಥದ್ದಲ್ಲ. ಇಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಹೆದರಬೇಡಿ, ಉಗುರಿನಲ್ಲಿ ಬಾಯಿ ಬಿಡಿಸಿ ಎಸೆಯಿರಿ.

ಇಷ್ಟಾದಮೇಲೆ ತರಬೇತಿಗೆ ಹೋಗಿ, ಖಂಡಿತ ಹೋಗಿ. ಜೂನ್ ಮೊದಲ ವಾರವೋ ಅಕ್ಟೋಬರೋ ಆಗಿರಲಿ. ಫೆಬ್ರವರಿಯ ತಂಪು ಬಿಸಿಲಲ್ಲಿ ಕಲಿಸುವುದು ಪಿಕ್‌ನಿಕ್ಕು. ದುಡ್ಡು ಕಟ್ಟುವ ಮೊದಲು ಕೇಳಿ: ಒಂದು ರಾತ್ರಿಯಾದರೂ ಟೆಂಟಿಲ್ಲದೆ ಹೊರಗೆ ಮಲಗಿಸುತ್ತೀರಾ? ಎಷ್ಟು ಜನಕ್ಕೆ ಒಬ್ಬರು ಮೇಷ್ಟ್ರು? ಜಾಗ ಯಾರದು, ಕಾಡಿನದಾದರೆ ಅರಣ್ಯ ಇಲಾಖೆ ಅನುಮತಿ ಎಲ್ಲಿ? ಅವತ್ತು ಸುತ್ತಮುತ್ತ ಆನೆ ಇದ್ದರೆ ನಿಮಗೆ ಹೇಗೆ ಗೊತ್ತಾಗುತ್ತದೆ? ಕಡೇ ಪ್ರಶ್ನೆಗೆ ತಡವರಿಸಿದರೆ ವಾಪಸ್ ಬನ್ನಿ. ಜೊತೆಗಿದ್ದವರ ಮಾತು ತೊದಲಿದರೆ, ನಡಿಗೆ ತೂರಾಡಿದರೆ, ನಡುಕ ತಾನಾಗೇ ನಿಂತುಹೋದರೆ ಏನು ಮಾಡಬೇಕೆಂದು ಕಲಿಸುತ್ತಾರೋ ವಿಚಾರಿಸಿ. ಸರಿಯುತ್ತರ ಇದು: ಒಣ ಬಟ್ಟೆ, ಮೈಯಡಿಗೆ ಚಾಪೆ, ನುಂಗಲಾದರೆ ಬಿಸಿ ಸಕ್ಕರೆ ನೀರು, ಕೂಡಲೇ ಆಸ್ಪತ್ರೆ. ಕೈಕಾಲು ಉಜ್ಜಬಾರದು, ಬ್ರಾಂಡಿ ಕೊಡಬಾರದು.

ಚಾಕು ಬೇಕೇ ಬೇಕೆಂದರೆ ಆನ್‌ಲೈನ್ ಬೇಡ. ಸಂತೆಗೆ ಬರುವ ಕಮ್ಮಾರರ ಹತ್ತಿರ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಕತ್ತಿ ಸಿಗುತ್ತದೆ, ಹತ್ತು ವರ್ಷ ಬಾಳುತ್ತದೆ. ಕಟ್ಟಿಗೆಯನ್ನು ಕೈಯಲ್ಲಿ ಹಿಡಿದು ಸೀಳದೆ ನೆಲದ ಮೇಲೊಂದು ಕೊರಡಿಟ್ಟು ಅದಕ್ಕೆ ಊರಿಕೊಂಡು ಸೀಳಿ, ಕತ್ತಲಾದಮೇಲೆ ಮುಟ್ಟಬೇಡಿ. ಹೆಬ್ಬೆರಳಿಂದ ಕಿರುಬೆರಳ ತುದಿ ಮುಟ್ಟಲು ಆಗದಷ್ಟು ಕೈ ಮರಗಟ್ಟಿದ್ದರೆ ಒರೆಯಿಂದ ತೆಗೆಯಲೇಬೇಡಿ.